ಬಣ್ಣ ಬಿಟ್ಟ ಹಕ್ಕಿ

ಐವತ್ತೆಂಟನೆಯ ಇಸವಿಯ ದೀಪಾವಳಿ ಮುಗಿದ ವಾರ ತೀರ್ಥಪ್ಪ ಅಜ್ಜಂಪುರದ ಸಂತೆಯಿಂದ ತಂಗಿಗೊಂದು ಹಕ್ಕಿ ತಂದ. ಹೆಬ್ಬೆರಳುದ್ದದ ರಾಟವಾಳ, ಮೈಯೆಲ್ಲ ಕುಂಕುಮದ ಕೆಂಪು, ಮೇಲೆ ಅಕ್ಷತೆ ಎರಚಿದಂತೆ ಬಿಳಿ ಚುಕ್ಕೆ. ತಂಗಿ ಶಂಕರಮ್ಮ ಗಂಡ ಸತ್ತು ತವರಿಗೆ ಬಂದು ಎರಡು ವರ್ಷವಾಗಿತ್ತು. ಇಪ್ಪತ್ತೈದರ ಹೆಣ್ಣು ಗೋಡೆ ನೋಡುತ್ತ ಕೂರುವುದನ್ನು ಕಂಡು ಅಣ್ಣನ ಕರುಳು ಚುರುಕ್ಕೆನ್ನುತ್ತಿತ್ತು. ಮಾತಾಡಿಸಲು ಬಾರದ ಗಂಡಸರು ಹೀಗೇ, ಏನಾದರೂ ಕೊಂಡು ತರುತ್ತಾರೆ.

ಶಿವನಿ ಸ್ಟೇಷನ್ನಿನ ಪಕ್ಕದ ಆ ಮನೆಯಲ್ಲಿ ರೈಲು ಬಂದಾಗ ಬಿಟ್ಟರೆ ಸದ್ದೇ ಇರಲಿಲ್ಲ. ಈಗ ಹಕ್ಕಿ ಹಾಡತೊಡಗಿತು. ತೀರಾ ಸಣ್ಣ ದನಿ; ಕೇಳಬೇಕಾದರೆ ಹತ್ತಿರ ಹೋಗಿ ಕೂರಬೇಕು. ಶಂಕರಮ್ಮ ಕೂತಳು. ರಾಗಿ ಹಸನು ಮಾಡುವ ಮೊರವನ್ನೂ ಪಂಜರದ ಕೆಳಗೇ ತಂದುಕೊಂಡಳು. ಹಕ್ಕಿ ಜೊತೆ ಮಾತಾಡ್ತಾಳೆ ಎಂದು ತೀರ್ಥಪ್ಪನ ಹೆಂಡತಿ ಸಾವಿತ್ರಮ್ಮ ನಕ್ಕರೆ, "ಅದು ಉತ್ರ ಕೊಡ್ತದಲ್ಲ ಅತ್ಗೆ" ಅನ್ನುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಕೆಂಪು ಗರಿ ಉದುರತೊಡಗಿದವು. ಶಿವರಾತ್ರಿಗೆ ಪಂಜರದಲ್ಲಿ ಕೂತಿದ್ದದ್ದು ಮಣ್ಣಿನ ಬಣ್ಣದ ಮೂಕ ಹಕ್ಕಿ.

"ಬಣ್ಣ ಬಳ್ದು ಟೋಪಿ ಹಾಕವ್ನೆ ಕಣ್ರೀ ಆ ಸಂತೆಯೋನು!" ಎಂದು ಸಾವಿತ್ರಮ್ಮ ಗಂಡನ ಮೇಲೆ ಹಾರಾಡಿದಳು.

ಶಂಕರಮ್ಮನಿಗೆ ಹಾಗನ್ನಿಸಲಿಲ್ಲ. ತನ್ನ ಹಣೆಯ ಕುಂಕುಮ ಒರೆಸಿ, ಬಳೆ ಒಡೆದ ದಿನ ಅವಳಿಗೆ ನೆನಪಾಯಿತು. ಇದರ ಜೋಡಿ ಎಲ್ಲೋ ಹೊಲದಲ್ಲಿ ಸತ್ತಿರಬೇಕು, ಇದಕ್ಕೆ ಹೇಗೋ ತಿಳಿದಿದೆ ಎಂದುಕೊಂಡಳು. "ನಿಂಗೂ ಇದೇ ಆಯ್ತೇನೇ?" ಎಂದು ಪಂಜರಕ್ಕೆ ಹಣೆ ಹಚ್ಚಿ ಅತ್ತಳು. ನಗುವವರು ನಗಲಿ. ಅಷ್ಟು ಒಂಟಿಯಾದವರಿಗೆ ಹಕ್ಕಿಯೂ ನೆಂಟಳೇ.

ಅದೇ ದಿನಗಳಲ್ಲಿ ದೇವನೂರಿನಿಂದ ಓಂಕಾರಮೂರ್ತಿ ಬಂದ. ಕಡಲೆಕಾಯಿ ವ್ಯಾಪಾರದವನು, ಹೆಂಡತಿ ತೀರಿಕೊಂಡಿದ್ದಳು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ ಕರೆದೊಯ್ಯುವ ಉಡಿಕೆ ಅವರಲ್ಲುಂಟು. ವಾಲಗವಿಲ್ಲ, ಚಪ್ಪರವಿಲ್ಲ, ಆದರೂ ಅದು ಮದುವೆಯೇ. ಹೆಣ್ಣು ನೋಡಲು ಬಂದವನು ಜಗಲಿಯಲ್ಲಿ ಕೂತು, ಏನು ಮಾತಾಡುವುದೋ ತಿಳಿಯದೆ ಪಂಜರ ನೋಡಿದ.

"ಹಾಡ್ತದಾ?"

"ಹಾಡ್ತಿತ್ತು" ಎಂದಳು ಶಂಕರಮ್ಮ.

"ನವಣೆ ಹಾಕಿ ನೋಡ್ರಿ. ಹಾಡಿದ್ರೂ ಹಾಡ್ಬೋದು."

ಅಷ್ಟೇ ಮಾತು. ವಾರದೊಳಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅವನಿಂದ ಪುಟ್ಟ ಚೀಲದ ತುಂಬ ನವಣೆ ಬಂತು. ಶಂಕರಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕೂತಳು. ಅವನು ಅವಳಿಗೆ ಹಿಡಿಸಿದ್ದ. ದಿನಾ ನವಣೆ ಹಾಕಿದಳು. ಹಕ್ಕಿ ತಿಂದಿತೇ ಹೊರತು ಹಾಡಲಿಲ್ಲ.

ಯುಗಾದಿಗೆ ಮುಂಚೆ ತೀರ್ಥಪ್ಪ ಕೇಳಿದ, "ಏನಂತೀಯವ್ವ? ಬಲವಂತ ಇಲ್ಲ. ಅವರು ಕೇಳಿ ಕಳ್ಸವ್ರೆ."

ಅವಳು ಪಂಜರದ ಕಡೆ ನೋಡಿದಳು.

"ಬ್ಯಾಡಣ್ಣ. ಹೋದ ಬಣ್ಣ ಬರಾಕಿಲ್ಲ."

ಆಷಾಢದ ತುಂತುರು ಹಿಡಿದಾಗ ಹಕ್ಕಿಯ ಎದೆಯ ಮೇಲೊಂದು ಕೆಂಪು ಗರಿ ಕಂಡಿತು. ತನ್ನ ಕಣ್ಣೇ ಮೋಸ ಮಾಡುತ್ತಿದೆ ಎಂದು ಶಂಕರಮ್ಮ ಯಾರಿಗೂ ಹೇಳಲಿಲ್ಲ. ಶ್ರಾವಣದ ಹೊತ್ತಿಗೆ ಮೈಯೆಲ್ಲ ಮೊದಲಿನ ಹಾಗೆ ಕೆಂಪು, ಮೊದಲಿನದೇ ಬಿಳಿ ಚುಕ್ಕೆ. ಒಂದು ಬೆಳಿಗ್ಗೆ ಹಕ್ಕಿ ಹಾಡಿಬಿಟ್ಟಿತು. ಅವಳು ಮೊರ ಅಲ್ಲೇ ಬಿಟ್ಟು, ಕುಂಟೆ ಹೊಡೆಯುತ್ತಿದ್ದ ಅಣ್ಣನ ಹತ್ತಿರ ಹೊಲಕ್ಕೆ ಓಡಿದಳು.

"ದೇವನೂರಿಗೆ ಹೇಳಿ ಕಳ್ಸಣ್ಣ. ಆಗ್ಲಿ ಅಂತ."

ತೀರ್ಥಪ್ಪ ಎತ್ತು ನಿಲ್ಲಿಸಿದ. ತಂಗಿಯ ಮುಖ ನೋಡಲಾರದೆ ಎತ್ತಿನ ಬೆನ್ನು ಸವರಿದ.

"ವೈಶಾಖದಾಗೆ ಅವರ ಉಡಿಕೆ ಆಗೋಯ್ತು ಕಣವ್ವ. ತರೀಕೆರೆ ಕಡೆಯೋಳು. ನೀನು ಬ್ಯಾಡ ಅಂದಿದ್ಯಲ್ಲ, ಅದಕ್ಕೇ ಹೇಳ್ಲಿಲ್ಲ."

ಅವಳು ಮನೆಗೆ ಬಂದಾಗಲೂ ಹಕ್ಕಿ ಹಾಡುತ್ತಿತ್ತು. ಚೀಲದ ತಳದಲ್ಲಿ ಒಂದು ಹಿಡಿ ನವಣೆ ಉಳಿದಿತ್ತು. ಹಾಕಿದಳು.

"ಬಣ್ಣ ವಾಪಸ್ ಬತ್ತದೆ ಅಂತ ಒಂದ್ಮಾತು ಹೇಳ್ಬಾರ್ದಿತ್ತೇನೇ?" ಎಂದು ಗದರಿದಳು. ಆಮೇಲೆ ಅವಳ ದನಿ ಇಳಿಯಿತು. "ನಿನ್ನ ಬೈದು ಏನ್ ಬಂತು. ಅವರು ಕೇಳಿದ್ದು ನನ್ನನ್ನ."

ಹಕ್ಕಿ ನವಣೆ ಸುಲಿದು ತಿಂದು ಮತ್ತೆ ಶುರುಮಾಡಿತು. ಆ ಹಾಡು ಕೇಳಲಾಗದೆ ಶಂಕರಮ್ಮ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು.