ಆಡುವ ಕಾಯಿ

"ನನ್ನ ಅಟ್ಟದಿಂದ ಸದ್ದಾ? ಯಾವ ಸದ್ದು? ನಂಗೊಂಚೂರೂ ಕೇಳಿಸ್ಲಿಲ್ವಲ್ಲ!" ಎಂದು ಮರುಳಪ್ಪ ಗದರಿಬಿಟ್ಟರು. ಗದರಿದ ಮೇಲೆ ಸುತ್ತ ನೋಡಿದರು. ಗೋಡೌನಿನಲ್ಲಿದ್ದ ನಾಲ್ಕೂ ಜನ ಕತ್ತೆತ್ತಿ ಅಟ್ಟವನ್ನೇ ನೋಡುತ್ತಿದ್ದರು. ಅಂದರೆ ಸದ್ದು ಇದ್ದೇ ಇತ್ತು.

ಸಿನಿಮಾ ಉತ್ಸವಕ್ಕೆ ಸ್ಪೀಕರ್ ಜೋಡಿಸಲು ಬೆಂಗಳೂರಿನಿಂದ ಬಂದಿದ್ದ ರವಿಕಿರಣ್ ಅದೇ ದೃಶ್ಯವನ್ನು ಇನ್ನೊಮ್ಮೆ ಓಡಿಸಿದ. ಪರದೆಯ ಮೇಲೆ ಕೆಂಕೆರೆಯ ಹೆಂಗಸರು ಡೊಳ್ಳು ಬಡಿದಾಗಲೆಲ್ಲ ಮೇಲೆ ಪೇರಿಸಿದ್ದ ಆರು ಸಾವಿರ ತೆಂಗಿನಕಾಯಿ ಗಡಗಡ ಎನ್ನುತ್ತಿದ್ದವಂತೆ. ಹೋದ ಎರಡು ವರ್ಷ ಇಷ್ಟು ದೊಡ್ಡ ಸ್ಪೀಕರ್ ಇರಲಿಲ್ಲ, ಈ ತಾಪತ್ರಯವೂ ಇರಲಿಲ್ಲ. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತ ಕಾಯಿಯಲ್ಲಿ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಒಳಗೇ ಅಲ್ಲಾಡುತ್ತದೆ. ಅದಕ್ಕೆ ಕಾಯಿ 'ಆಡುವುದು' ಎನ್ನುತ್ತಾರೆ.

"ಕಾಯೆಲ್ಲ ಇಳಿಸಿಬಿಡಿ ಸಾರ್. ಇಲ್ಲಾಂದ್ರೆ ಸಂಜೆ ಷೋ ಕಲ್ಯಾಣ ಮಂಟಪಕ್ಕೆ ಹೋಗುತ್ತೆ. ಮುಂದಿನ ವರ್ಷದಿಂದ ಉತ್ಸವಾನೂ ಅಲ್ಲೇ," ಎಂದ ರವಿಕಿರಣ್.

"ಇಳ್ಸಿದ್ಮೇಲೆ ಒಡೀಲೇಬೇಕು," ಎಂದರು ಮರುಳಪ್ಪ. "ಅರ್ಧ ಹಸೀದು ಒಡುದ್ರೆ ಕೊಬ್ಬರಿ ಕೊಳ್ತು ಹೋಯ್ತದೆ ಕಣಪ್ಪ. ಎಲ್ಲಾನೂ ಹೆಂಗೆ ಇಳ್ಸಾನ?"

ಸಿನಿಮಾ ಮಾಡಿದ್ದ ಬಿಳಿಗೆರೆಯ ಗಾನವಿ ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಅವಳ ಮೊದಲನೇ ಸಿನಿಮಾ. ನೋಡಲು ಊರಿಗೆ ಊರೇ ಸಂಜೆ ಟ್ರ್ಯಾಕ್ಟರು ಹತ್ತಿ ಬರುವುದಿತ್ತು.

ವರ್ತಕರೆಲ್ಲ ಹೊಸ ಮಾರುಕಟ್ಟೆಗೆ ಹೋದ ಮೇಲೆ ತಿಪಟೂರಿನ ಹಳೇ ಮಂಡಿ ಬೀದಿ ಭಣಭಣ ಎನ್ನುತ್ತಿತ್ತು. ಆಮೇಲೆ ಖಾಲಿ ಗೋಡೌನುಗಳಿಗೆ ಕಮ್ಮಿ ಬಾಡಿಗೆಗೆ ಚಿತ್ರ ಬರೆಯುವವರು ಬಂದರು, ನಾಟಕದವರು ಬಂದರು, ತಟ್ಟೆ ಇಡ್ಲಿಯ ಜೊತೆ ಕವಿತೆ ಓದಿಸುವ ಒಂದು ಹೋಟೆಲೂ ಬಂತು. 'ಕೂದಲು ಬಿಟ್ಟೋರ ಕೇರಿ' ಎಂದು ಮೊದಲು ಮೂಗು ಮುರಿದವರೇ ಮರುಳಪ್ಪ. ಉತ್ಸವಕ್ಕೆ ಗೋಡೌನು ಕೊಟ್ಟದ್ದೂ, ಇನ್ನೂರು ಜನರ ಮೈಶಾಖ ತಾಗಿದರೆ ಅಟ್ಟದ ಕಾಯಿ ಬೇಗ ಒಣಗೀತು ಎಂಬ ಲೆಕ್ಕಾಚಾರದಿಂದ. ಈಗ ನೋಡಿದರೆ, ಅರ್ಥವಾಗಲಿ ಬಿಡಲಿ, ಒಗೆದ ಪಂಚೆ ಉಟ್ಟು ಮೊದಲ ಸಾಲಿನಲ್ಲಿ ಕೂರುವವರೂ ಅವರೇ. ಉತ್ಸವ ಬೇರೆ ಕಡೆ ಹೋಗುವುದು ಅವರಿಗೆ ಬೇಕಿರಲಿಲ್ಲ.

"ಆಡೋ ಕಾಯಿ ಮಾತ್ರ ಇಳ್ಸಾನ ಬುಡಿ ಸಾವ್ಕಾರ್ರೇ. ಹಸೀವು ಎಲ್ಲಿ ಸದ್ದು ಮಾಡ್ತವೆ?" ಎಂದ ಗಂಗಣ್ಣ. ಮೂವತ್ತು ವರ್ಷದಿಂದ ಅವರಲ್ಲಿ ಕಾಯಿ ಸುಲಿಯುತ್ತಿದ್ದವನು.

ಸರಿಯಾದ ಮಾತೇ. ಆದರೆ ಆರು ಸಾವಿರ ಕಾಯನ್ನೂ ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಬೇಕು, ಅದೂ ಎಲ್ಲರ ಎದುರಿಗೆ. ಮರುಳಪ್ಪನವರ ಎಡಗಿವಿ ಹೋಗಿ ಎರಡು ವರ್ಷವಾಗಿತ್ತು, ಬಲಗಿವಿ ಹೋಗುತ್ತಿತ್ತು. ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಮಾರುಕಟ್ಟೆಯಲ್ಲಿ ಯಾವ ಕಾಯಿಗೆ ತಕರಾರು ಬಂದರೂ 'ಮರುಳಪ್ಪೋರ ಕಿವಿಗೆ ಕೊಡಿ' ಎನ್ನುತ್ತಿದ್ದರು. ಆ ಕಿವಿಯೇ ಇಲ್ಲ ಎಂದು ಗೊತ್ತಾದರೆ ಇನ್ನೇನು ಉಳಿಯಿತು?

ಬೀದಿಯವರೆಲ್ಲ ಅಟ್ಟ ಹತ್ತಿದರು. ಬಣ್ಣದ ಕೈಯವರು, ನಾಟಕದವರು, ಹೋಟೆಲಿನ ಯೋಗೀಶ, ಎಲ್ಲರೂ ಕಣ್ಣು ಮುಚ್ಚಿ ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವುದೇ ಅಲ್ಲಾಡಿಸುವುದು. ಗಂಗಣ್ಣ ಏಣಿಯ ಕೆಳಗೆ ನಿಂತು ಕಾಯಿ ತುಂಬಿದ ಮಂಕರಿ ಇಳಿಸಿಕೊಳ್ಳುತ್ತಿದ್ದ. ಅನುಮಾನದ ಕಾಯಿಗಳು ಮಾತ್ರ ಮರುಳಪ್ಪನವರ ಮುಂದೆ ರಾಶಿ ಬಿದ್ದವು.

"ತಾತ, ಇದು ಆಡುತ್ತಾ?" ಎಂದು ಗಾನವಿ ಒಂದನ್ನು ಚಾಚಿದಳು.

ಅಲ್ಲಾಡಿಸಿದರು. ಏನೂ ಇಲ್ಲ. ಎಂದಿನಂತೆ ಕಣ್ಣು ಗಂಗಣ್ಣನ ಮುಖವನ್ನು ಹುಡುಕಿತು, ಆದರೆ ಅವನು ಕೆಳಗಿದ್ದ. ಹುಡುಗಿ ಕಾಯುತ್ತಲೇ ಇದ್ದಳು. ಶಿವನೇ ಎಂದುಕೊಂಡು ಅವರು ಕಾಯನ್ನು ಎರಡೂ ಅಂಗೈಯ ನಡುವೆ ಹಿಡಿದು ಮೆಲ್ಲಗೆ ಒಮ್ಮೆ ಕುಲುಕಿದರು. ಒಳಗಿನ ಉಂಡೆ ಅಂಗೈಗೆ ಬಂದು ಕುಟ್ಟಿತು. ಇನ್ನೊಮ್ಮೆ ಕುಲುಕಿದರು. ಮತ್ತೆ ಕುಟ್ಟಿತು.

"ಆಡ್ತದೆ ಕಣವ್ವ. ಇಳ್ಸು."

ಅವಳು ಕಿವಿಗೆ ಹಿಡಿದು, "ಹೌದು ತಾತ! ನಂಗೆ ಗೊತ್ತೇ ಆಗಿರ್ಲಿಲ್ಲ," ಎಂದಳು. ಆಮೇಲೆ ಮರುಳಪ್ಪ ತಿರುಗಿ ನೋಡಲಿಲ್ಲ. ರಾಶಿ ಕರಗುತ್ತ ಬಂತು.

ನಾಲ್ಕು ಗಂಟೆಗೆ ಗಂಗಣ್ಣ ಅಟ್ಟ ಹತ್ತಿ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಅವರ ಬಲಗಿವಿಗೇ ಬಾಯಿಟ್ಟು, "ಇವತ್ತು ನನ್ನ ಮುಖಾನೇ ನೋಡ್ಲಿಲ್ವಲ್ಲ ಸಾವ್ಕಾರ್ರೇ," ಎಂದ.

"ನಿಂಗೊತ್ತಿತ್ತೇನ್ಲಾ?"

"ಗೊತ್ತಿರ್ದೆ? ಎರಡು ವರ್ಷದಿಂದ ಆಡೋ ಕಾಯಿಗೆಲ್ಲ ಹುಬ್ಬು ಹಾರ್ಸಿ ಹಾರ್ಸಿ ಹಣೆ ನೋವು ಬಂದೈತೆ. ಅಮ್ಮಾವ್ರಿಗೂ ಗೊತ್ತು. ನೀವೇ ಹೇಳ್ಲಿ ಅಂತ ಸುಮ್ನವ್ರೆ."

ಮರುಳಪ್ಪನವರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡೂ ಸೇರಿ ಕೊನೆಗೆ ನಗುವೇ ಬಂದುಬಿಟ್ಟಿತು. "ಕಳ್ಳ ನನ್ಮಗನೆ!" ಎಂದು ಅವನ ಬೆನ್ನಿಗೊಂದು ಗುದ್ದಿದರು.

ಸಂಜೆ ಗೋಡೌನು ತುಂಬಿ ಬಾಗಿಲಾಚೆಗೂ ಜನ ನಿಂತರು. ಬಿಳಿಗೆರೆಯವರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮರುಳಪ್ಪ ಅಟ್ಟ ಹೊತ್ತ ಹಲಸಿನ ಕಂಬದ ಪಕ್ಕ ಕೂತಿದ್ದರು, ಆಚೆ ಮಗ್ಗುಲಿಗೆ ಹೆಂಡತಿ ದ್ರಾಕ್ಷಾಯಣಮ್ಮ. ಪರದೆಯ ಮೇಲೆ ಹೆಂಗಸರು ಡೊಳ್ಳು ಎತ್ತಿಕೊಂಡರು. ಮುಂದೆ ಕೂತಿದ್ದ ರವಿಕಿರಣನ ಕತ್ತು ತಾನಾಗಿ ಮೇಲೆ ತಿರುಗಿತು.

"ಮೇಲಿಂದ ಸದ್ದು ಬತ್ತೈತೇನೇ?" ಎಂದರು ಮರುಳಪ್ಪ, ಹೆಂಡತಿಯ ಕಡೆ ಬಾಗಿ. "ನಂಗೆ ಕಿವಿ ಕೇಳಾಕಿಲ್ಲ."

ಪಿಸುಮಾತು ಎಂದುಕೊಂಡು ಆಡಿದ್ದು ನಾಲ್ಕು ಸಾಲಿಗೆ ಕೇಳಿಸಿತು. ತಲೆಗಳು ತಿರುಗಿದವು. ದ್ರಾಕ್ಷಾಯಣಮ್ಮ ಇಲ್ಲವೆಂದು ತಲೆಯಾಡಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಈಗ ಹೇಳುದ್ರಾ," ಎಂದು ಅವರ ತೊಡೆ ಚಿವುಟಿದರು. ರವಿಕಿರಣ್ ಹಿಂದಕ್ಕೆ ತಿರುಗಿ ಹೆಬ್ಬೆರಳೆತ್ತಿ ತೋರಿಸಿದ.

ಮರುಳಪ್ಪ ಕಂಬಕ್ಕೆ ಅಂಗೈ ಒತ್ತಿ ಕೂತರು. ಡೊಳ್ಳು ಮರದೊಳಗೇ ಬಡಿಯುತ್ತಿತ್ತು. ಒಂದೊಂದು ಪೆಟ್ಟೂ ಮೊಣಕೈವರೆಗೆ ಹತ್ತಿ ಬಂತು. ಎಷ್ಟೋ ದಿನವಾಗಿತ್ತು ಹೀಗೆ ಪೂರಾ ಒಂದು ಬಾರಿಸುವಿಕೆ ಕೇಳಿ. ಆಮೇಲೆ ಡೊಳ್ಳು ನಿಂತಿತು, ಹೆಂಗಸರು ಬೆವರೊರೆಸಿಕೊಂಡರು, ಕಂಬ ಸುಮ್ಮನಾಯಿತು.

ಆಗ ಅಂಗೈಯಡಿ ಒಂದೇ ಒಂದು ಸಲ ಸಣ್ಣಗೆ ಏನೋ ಕುಟ್ಟಿತು. ಬೆಳಿಗ್ಗೆ ಇನ್ನೂ ಹಸಿ ಎಂದು ಬಿಟ್ಟಿದ್ದ ಯಾವುದೋ ಕಾಯಿ, ಜನರ ಶಾಖಕ್ಕೋ ಏನೋ, ಚಿಪ್ಪು ಬಿಟ್ಟಿತ್ತು.

ಯಾರೂ ತಲೆಯೆತ್ತಲಿಲ್ಲ. ಮರುಳಪ್ಪ ಆಚೆ ಗೋಡೆಗೊರಗಿದ್ದ ಗಂಗಣ್ಣನನ್ನು ನೋಡಿ, ಪರದೆಯ ಬೆಳಕಿನಲ್ಲಿ, ಹುಬ್ಬು ಹಾರಿಸಿದರು. ಗಂಗಣ್ಣ ಅಟ್ಟದ ಕಡೆ ಕಿವಿಯಾನಿಸಿ ಕೇಳಿಯೇ ಕೇಳಿದ. ಅವನಿಗೆ ಏನೂ ಕೇಳಿಸಲಿಲ್ಲ.