ತೌಮಾಲಿಯ ಕಡೆಯವರು

ಸೆಲೀನಾ ಮೂರನೆಯ ರೊಟ್ಟಿಗೆ ಕೈ ಹಾಕಿದಾಗ ಶಿವಕ್ಕನ ಸಂಶಯ ಇನ್ನೂ ಗಟ್ಟಿಯಾಯಿತು. ಮೊದಲ ಸಲ ಮನೆಗೆ ಬಂದವರು ಇಷ್ಟು ಸಲೀಸಾಗಿ ಶೇಂಗಾ ಹಿಂಡಿಗೆ ಮೊಸರು ಕಲಸಿಕೊಂಡು ತಿನ್ನುತ್ತಾರೆಂದರೆ, ಒಂದೋ ನಿಜವಾಗಿ ಹಸಿದಿರಬೇಕು, ಇಲ್ಲವೇ ಏನೋ ಕೇಳುವುದಿರಬೇಕು. ಹಸಿದವಳ ಹಾಗೆ ಇವಳು ಕಾಣುತ್ತಿರಲಿಲ್ಲ. ನೀಲಿ ಕೋಟು, ಕಿವಿಯಲ್ಲಿ ಮುತ್ತು, ಮಾತಿಗೊಮ್ಮೆ ನಗು. ತೌಮಾಲಿ ಎಂಬ ದ್ವೀಪದೇಶದ ವ್ಯಾಪಾರ ಖಾತೆಯ ಅಧಿಕಾರಿಯಂತೆ. ಆ ದೇಶವನ್ನು ಶಿವಕ್ಕ ಫೋನಿನ ನಕಾಶೆಯಲ್ಲಿ ಹುಡುಕಿದ್ದಳು. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಕೊನೆಗೆ ನೀಲಿಯ ನಡುವೆ ಸಾಸಿವೆಯಷ್ಟು ಹಸಿರು ಕಂಡಿತ್ತು.

"ನಮ್ಮ ನೆಲ ನಿಮ್ಮ ಈ ಕಣಿವೆಗಿಂತ ಚಿಕ್ಕದು," ಎಂದಳು ಸೆಲೀನಾ ಇಂಗ್ಲಿಷಿನಲ್ಲಿ. "ಆದರೆ ನಮ್ಮ ಪಾಲಿನ ಸಮುದ್ರ ಕ್ಯಾಲಿಫೋರ್ನಿಯಾಕ್ಕಿಂತ ದೊಡ್ಡದು. ಇಷ್ಟು ವರ್ಷ ದೊಡ್ಡ ದೇಶಗಳ ಹಡಗುಗಳಿಗೆ ಮೀನು ಹಿಡಿಯುವ ಪರವಾನಗಿ ಮಾರಿಕೊಂಡು ಬದುಕಿದೆವು. ಇನ್ನು ನಮ್ಮ ಮೀನನ್ನು ನಾವೇ ಡಬ್ಬಿಗೆ ತುಂಬಿ ಇಲ್ಲಿನ ಅಂಗಡಿಗಳಿಗೆ ಮಾರಬೇಕು ಅಂತಿದ್ದೇವೆ. ನಮ್ಮ ಪರವಾಗಿ ನಿಂತು ಮಾತಾಡಲು ಇಲ್ಲೊಬ್ಬರು ಗೌರವ ಕಾನ್ಸುಲ್ ಬೇಕು. ನಿಮ್ಮ ಯಜಮಾನರು ಒಪ್ಪಬೇಕು."

"ಪಗಾರ ಎಷ್ಟು?" ಎಂದಳು ಶಿವಕ್ಕ. ಅವಳ ಇಂಗ್ಲಿಷು ಬನಹಟ್ಟಿಯ ಸಾಲೆಯಲ್ಲಿ ಹುಟ್ಟಿ ನಾರ್ತ್‌ರಿಜ್‌ನ ಕಾಯಿಪಲ್ಲೆ ಅಂಗಡಿಯಲ್ಲಿ ಬೆಳೆದದ್ದು. ಚಿಕ್ಕದಾದರೂ ನೇರವಾಗಿತ್ತು.

ಅವಳ ಗಂಡ ಮಹಾಂತಪ್ಪ ಕೆಮ್ಮಿದ. ಸೆಲೀನಾ ನಕ್ಕಳು. "ಸಂಬಳ ಇಲ್ಲ, ಮೇಡಂ. ಒಂದು ಧ್ವಜ, ಬಾಗಿಲಿಗೆ ಒಂದು ಬೋರ್ಡು. ರಾಯಭಾರ ಕಚೇರಿ ತೆರೆಯುವ ಶಕ್ತಿ ನಮಗಿಲ್ಲ. ಒಳ್ಳೆಯ ಮನೆತನ ನೋಡಿ ಕೇಳಿಕೊಳ್ಳುತ್ತೇವೆ." ಆಮೇಲೆ ಮಹಾಂತಪ್ಪನ ಕಡೆ ತಿರುಗಿ, "ಎಲ್ ಸೆಗುಂಡೋದಲ್ಲಿ ನಿಮ್ಮ ಆಫೀಸಿನವರೆಲ್ಲ ಹೇಗಿದ್ದಾರೆ?" ಎಂದಳು.

"ಎಲ್ಲಾರೂ ಆರಾಮ್," ಎಂದ ಮಹಾಂತಪ್ಪ, ತಟ್ಟೆ ನೋಡುತ್ತ.

ಆ ಆಫೀಸಿನಿಂದ ಅವನನ್ನು ಮನೆಗೆ ಕಳಿಸಿ ಆರು ತಿಂಗಳಾಗಿತ್ತು. ಕೋವಿಡ್ಡಿನಲ್ಲಿ ಉಳಿದುಕೊಂಡ ನೌಕರಿ ಕೋವಿಡ್ ಮುಗಿದ ಮೇಲೆ ಹೋಗಿತ್ತು. ಅಂದಿನಿಂದ ಗಡ್ಡ ಬಿಟ್ಟುಕೊಂಡು, ಪೈಜಾಮಾದಲ್ಲೇ ಸಂಜೆ ಮಾಡುತ್ತಿದ್ದ. ತೌಮಾಲಿಯವರ ಮೊದಲ ಫೋನು ಬಂದ ದಿನ ಅವನು ಗಡ್ಡ ಹೆರೆದು ಅಂಗಿಗೆ ಇಸ್ತ್ರಿ ಹಾಕಿದ್ದ. ನೌಕರಿ ಹೋದದ್ದನ್ನು ಬಂದವರ ಮುಂದೆಲ್ಲ ಹೇಳಿಕೊಳ್ಳುವುದು ಯಾರಿಗೆ ಇಷ್ಟ? ಇರಲಿ ಬಿಡು ಎಂದುಕೊಂಡಳು ಶಿವಕ್ಕ.

ಆದರೆ ಒಂದು ಮಾತು ಕೇಳದೆ ಬಿಡಲಿಲ್ಲ. "ಇದಕ್ಕಿಂತ ಮೊದಲು ಯಾರಿದ್ದರು?"

ಸೆಲೀನಾಳ ಕೈ ಒಂದು ಕ್ಷಣ ನಿಂತಿತು. "ಸ್ಯಾನ್ ಡಿಯಾಗೋದಲ್ಲಿ ಫ್ರ್ಯಾಂಕ್ ಸಿಲ್ವಾ ಅಂತ ಒಬ್ಬರು. ಅವರಿಗೆ ವಯಸ್ಸಾಯಿತು."

ಅವಳ ಕಾರು ಹೋದದ್ದೇ ತಡ, ಶಿವಕ್ಕ ಪಾತ್ರೆ ಸಿಂಕಿಗೆ ಎಸೆದಳು.

"ಬಂಗಾರ ಬ್ಯಾಡ, ವರದಕ್ಷಿಣಿ ಬ್ಯಾಡ, ಹುಡುಗಿ ಅಷ್ಟ ಕೊಡ್ರಿ ಅಂದವರ ಮನಿಗೆ ನಮ್ಮಪ್ಪ ಹುಡುಗೀನ ಕೊಡತಿದ್ದಿಲ್ಲ. ಮೊದಲ ಹೋಗಿ ಬ್ಯಾರೆಯವರ ಕಡೆ ಕೇಳತಿದ್ದ."

"ನಾ ಏನು ಹುಡುಗಿ ಏನ?"

"ಹುಡುಗಿಕಿಂತ ಹೆಚ್ಚಾಗೀರಿ. ಆಕಿ ಒಂದ ಸಲ ನಕ್ಕರ ನೀವು ಎರಡ ಸಲ ನಗತೀರಿ. ಇಡೀ ಅಮೆರಿಕಾದಾಗ ಅವರಿಗೆ ಇನ್ಯಾರೂ ಸಿಗಲಿಲ್ಲೇನು? ನಿಮ್ಮ ಹೆಸರಿನಾಗ ಏನರ ಮಾಡಿ ಹೋದರ ಪೊಲೀಸರು ತೌಮಾಲಿಗೆ ಹೋಗೂದಿಲ್ಲ, ಇಲ್ಲಿಗೇ ಬರತಾರ."

"ನಿನಗ ಹಾಲಿನಾಗೂ ಹುಳಾ ಕಾಣತಾವ," ಎಂದು ಮಹಾಂತಪ್ಪ ಎದ್ದು ಹೋದ. ಹೋಗುವಾಗ ಅಂಗಿಯ ಕಾಲರು ಸರಿ ಮಾಡಿಕೊಂಡದ್ದನ್ನು ಅವಳು ನೋಡಿದಳು. ಅದನ್ನು ನೋಡಿ ಅವಳಿಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಯಿತು. ಇನ್ನೊಮ್ಮೆ ಯಾರಾದರೂ ಇವನನ್ನು ಬೇಡವೆಂದರೆ ಇವನು ಮತ್ತೆ ಏಳುವುದಿಲ್ಲ.

ಅವಳ ಊರ ಕಡೆ ಒಂದು ಪದ್ಧತಿ ಇತ್ತು. ಎರಡನೆಯ ಸಂಬಂಧಕ್ಕೆ ಕೇಳಿ ಬಂದರೆ, ಗಂಡಿನ ಮನೆಯಲ್ಲಿ ಏನೂ ವಿಚಾರಿಸುತ್ತಿರಲಿಲ್ಲ. ಮೊದಲ ಹೆಂಡತಿಯ ತವರಿಗೆ, ಹೇಳದೆ ಕೇಳದೆ, ಊಟದ ಹೊತ್ತಿಗೆ ಹೋಗುತ್ತಿದ್ದರು. ಶನಿವಾರ ಶಿವಕ್ಕ ಮಗಳನ್ನು ನೋಡಿ ಬರುತ್ತೇನೆಂದು ರೈಲು ಹತ್ತಿದಳು. ಮಗಳು ರಕ್ಷಿತಾ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದಳು. ಫ್ರ್ಯಾಂಕ್ ಸಿಲ್ವಾನ ವಿಳಾಸ ಹುಡುಕಿಕೊಂಡು ಅವಳ ಕಾರಿನಲ್ಲೇ ಬಂದರಿನ ಮೇಲಿನ ಗುಡ್ಡ ಹತ್ತಿದರು.

"ಅಮ್ಮಾ, ದಿಸ್ ಈಸ್ ಸೋ ರೂಡ್. ಒಂದು ಟೆಕ್ಸ್ಟ್ ಆದ್ರೂ ಮಾಡಬೇಕಿತ್ತು."

"ಹೇಳಿ ಹೋದರ ಮನಿ ಸಾರಿಸಿ ಇಟ್ಟಿರತಾರ. ನೀ ಗಾಡಿ ಹೊಡಿ."

ಫ್ರ್ಯಾಂಕ್ ಸಿಲ್ವಾನಿಗೆ ಎಂಬತ್ತರ ಮೇಲಿರಬೇಕು. ಬಾಗಿಲ ಪಕ್ಕದ ಗೋಡೆಯಲ್ಲಿ ಬೋರ್ಡು ಕಿತ್ತ ನಾಲ್ಕು ತೂತುಗಳು ಇನ್ನೂ ಇದ್ದವು. ಕೊಲ್ಲಾಪುರ ಚೀಲ ಹಿಡಿದು ನಿಂತ ಅಪರಿಚಿತ ಹೆಂಗಸನ್ನು, ಅವಳ ಹಿಂದೆ ನಾಚಿಕೆಯಿಂದ ಕುಗ್ಗಿದ ಹುಡುಗಿಯನ್ನು ಅವನು ಒಂದೂ ಪ್ರಶ್ನೆ ಕೇಳದೆ ಒಳಗೆ ಕರೆದ. ತೌಮಾಲಿಯ ಹೆಸರೆತ್ತಿದ ಮೇಲೆ ಜೋರಾಗಿ ನಕ್ಕ.

"ಓ, ನೀವು ಹೊಸ ಕಾನ್ಸುಲ್‌ನ ಹೆಂಡತಿಯೋ! ಕೂತುಕೊಳ್ಳಿ, ಕೂತುಕೊಳ್ಳಿ. ಅವರು ಮೋಸಗಾರರೇ ಅಂತ ಕೇಳಲು ಬಂದಿರಿ, ಅಲ್ಲವೇ?"

"ಹೌದು," ಎಂದಳು ಶಿವಕ್ಕ.

"ಅಮ್ಮಾ!" ಎಂದಳು ರಕ್ಷಿತಾ.

ಮುದುಕ ಇಬ್ಬರಿಗೂ ಕಿತ್ತಳೆ ರಸ ಕೊಟ್ಟು ಕಿಟಕಿಯ ಬಳಿ ಕುಳಿತ. ಕೆಳಗೆ ಬಂದರು, ಬಿಳಿ ದೋಣಿಗಳ ಸಾಲು. ಅವನ ಮನೆತನ ಅಜ್ಜನ ಕಾಲದಿಂದ ಮೀನಿನ ಹಡಗುಗಳದ್ದು. ತೌಮಾಲಿಯ ಮಂತ್ರಿಗಳು ಬಂದರೆ ಇವನ ಮನೆಯಲ್ಲೇ ಮಲಗುತ್ತಿದ್ದರು. ಅಲ್ಲಿನ ಹುಡುಗನೊಬ್ಬನ ಹೃದಯದ ಆಪರೇಷನ್ನಿಗೆ ಇವನು ಊರೆಲ್ಲ ಓಡಾಡಿದ್ದ.

"ಕಳೆದ ವರ್ಷ ಅವರು ಪರವಾನಗಿಯ ದರ ಎರಡು ಪಟ್ಟು ಮಾಡಿದರು. ಅದನ್ನು ಸಮರ್ಥಿಸಿ ಮಾತಾಡು ಅಂದರು. ನನ್ನ ಅಣ್ಣನ ಮಗನದ್ದೇ ಎರಡು ಹಡಗು ಆ ನೀರಿನಲ್ಲಿವೆ. ಆಗುವುದಿಲ್ಲ ಅಂದೆ. ಎರಡು ಸಾಲಿನ ಇಮೇಲ್ ಬಂತು. ಧನ್ಯವಾದ, ಬೋರ್ಡು ತೆಗೆಯಿರಿ, ಅಷ್ಟೇ."

"ಬೆಂಕಿ ಹಚ್ಚಬೇಕು ಅವರಿಗೆ," ಎಂದು ಶಿವಕ್ಕ ಕನ್ನಡದಲ್ಲೇ ಅಂದಳು. ರಕ್ಷಿತಾ ಅದನ್ನು ಇಂಗ್ಲಿಷ್ ಮಾಡಲಿಲ್ಲ.

"ಕಳ್ಳರಲ್ಲ, ಮೇಡಂ," ಎಂದ ಫ್ರ್ಯಾಂಕ್, ಅರ್ಥವಾದವನಂತೆ. "ಸಣ್ಣ ದೇಶ. ಸೈನ್ಯ ಇಲ್ಲ, ಇರುವುದೊಂದು ಪೊಲೀಸ್ ದೋಣಿ. ಯಾವಾಗ ಯಾರು ಬೇಕೋ ಅವರನ್ನು ಅಪ್ಪಿಕೊಳ್ಳುತ್ತಾರೆ. ಆಗ ಅವರಿಗೆ ಹಡಗಿನವನು ಬೇಕಿತ್ತು. ಈಗ ಆಕಾಶದವನು ಬೇಕು."

"ಆಕಾಶದವನು ಅಂದರೆ?"

"ನಿಮ್ಮ ಗಂಡನ ಕಂಪನಿ! ಕಳ್ಳ ಹಡಗುಗಳನ್ನು ಮೇಲಿನಿಂದ ಹುಡುಕುವ ಉಪಗ್ರಹ ಮಾಡುತ್ತಾರಲ್ಲ? ನಿಮ್ಮ ಗಂಡ ಎಲ್ಲೋ ಭಾಷಣ ಮಾಡಿದ್ದನ್ನು ಸೆಲೀನಾ ಕೇಳಿದ್ದಳಂತೆ. ಅವರು ಒಳಗೇ ಇದ್ದಾರೆ, ಕಂಪನಿಯ ದೊಡ್ಡವರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಉಪಗ್ರಹದ ಸೇವೆಯ ದರ ಇಳಿಸಿಕೊಡುತ್ತಾರೆ ಅಂತ ನನಗೇ ಫೋನು ಮಾಡಿ ಹೇಳಿದಳು. ಸಂತೋಷದಲ್ಲಿದ್ದಳು."

ಶಿವಕ್ಕ ಲೋಟ ಕೆಳಗಿಟ್ಟಳು. ರಕ್ಷಿತಾ ತಾಯಿಯ ಮುಖ ನೋಡಿದಳು. ಕಾರಿನಲ್ಲಿ ಕುಳಿತ ಮೇಲೆಯೇ ಬಾಯಿ ಬಿಟ್ಟಳು: "ಡ್ಯಾಡ್ ಡಿಡಂಟ್ ಟೆಲ್ ದೆಮ್?"

ಪರರ ಮನೆಯ ಹುಳುಕು ಹುಡುಕಲು ಬಂದ ಶಿವಕ್ಕನಿಗೆ ತನ್ನ ಮನೆಯದೇ ಸಿಕ್ಕಿತ್ತು.

ಮನೆಗೆ ಬಂದಾಗ ಮಹಾಂತಪ್ಪ ಟೇಪು ಹಿಡಿದು ಹೊರಬಾಗಿಲ ಗೋಡೆ ಅಳೆಯುತ್ತಿದ್ದ.

"ನೌಕರಿ ಹೋಗೇದ ಅಂತ ಆಕಿಗೆ ಹೇಳೀರೇನು?"

ಟೇಪು ಸರ್ರನೆ ಒಳಗೆ ಸರಿಯಿತು. "ಆಕಿ ಕೇಳಲಿಲ್ಲ."

"ಕೇಳಿದಳು. ನನ್ನ ರೊಟ್ಟಿ ತಿನಕೋತ, ನನ್ನ ಮುಂದ ಕೇಳಿದಳು. ಎಲ್ಲಾರೂ ಆರಾಮ್ ಅಂದ್ರಿ."

"ಸುಳ್ಳು ಹೇಳಿಲ್ಲಲ್ಲ. ಅವರೆಲ್ಲ ಆರಾಮೇ ಅದಾರ. ಮನಿಗೆ ಬಂದಾಂವ ನಾ ಒಬ್ಬನ." ಅವನು ನಗಲು ನೋಡಿದ, ಆಗಲಿಲ್ಲ. "ನೇಮಕ ಒಂದು ಆಗಲಿ, ಶಿವಿ. ಆಮ್ಯಾಲೆ ನಾನ ಹೇಳತೀನಿ."

"ತಾಳಿ ಕಟ್ಟಿದ ಮ್ಯಾಲೆ ಮೂರ್ಛಾ ರೋಗ ಅದ ಅಂತ ಹೇಳೋರಂಗ!"

"ಸೋಮವಾರ ಡೈರೆಕ್ಟರನ್ನ ಭೇಟಿ ಮಾಡಸ್ರಿ ಅಂದಾಳ. ಆಫೀಸಿನ ಮುಂದ ಬರತಾಳ. ಡೈರೆಕ್ಟರು ರಜಾ ಮ್ಯಾಲೆ ಹೋಗ್ಯಾರ ಅಂತ ಹೇಳತೀನಿ. ಅಷ್ಟ."

"ಅದರ ಮುಂದಿನ ಸೋಮವಾರ?"

"ಸಾಕ ಮಾಡ!" ಮಹಾಂತಪ್ಪ ಟೇಪನ್ನು ಹುಲ್ಲಿನ ಮೇಲೆ ಎಸೆದ. "ಮಂದಿ ಮ್ಯಾಲೆ ಸಂಶಯ ಮುಗೀತು, ಈಗ ನನ್ನ ಮ್ಯಾಲೆ ಚಾಲೂ ಮಾಡಿದಿ. ಇಡೀ ಲಾಸ್ ಏಂಜಲೀಸಿನಾಗ ನನ್ನ ಕೇಳಿಕೊಂಡು ಬಂದಾಕಿ ಆಕಿ ಒಬ್ಬಾಕಿ. ಅದನ್ನೂ ಕಸಗೋತೀಯೇನು?"

ಶಿವಕ್ಕ ಹುಲ್ಲಿನಿಂದ ಟೇಪು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಅವನು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಅವಳು ಪಕ್ಕದ ಸೀಟಿನಲ್ಲಿ ಕುಳಿತಾಗಿತ್ತು. ಎಲ್ ಸೆಗುಂಡೋದಲ್ಲಿ ಅವನು ಗಾಡಿಯನ್ನು ಆಫೀಸಿನ ಎದುರು ಗಾಡಿಗಳ ಸಾಲಿನಲ್ಲಿ ನಿಲ್ಲಿಸಿದ. ಗಾಜಿನ ಕಟ್ಟಡ, ಅದರ ಮುಂದೆ ಗೇಟು. ಗೇಟಿನ ಬಳಿ ಸೆಲೀನಾ ಕೈಯಲ್ಲೊಂದು ಉಡುಗೊರೆ ಪೊಟ್ಟಣ ಹಿಡಿದು ನಿಂತಿದ್ದಳು. ಡೈರೆಕ್ಟರಿಗಿರಬೇಕು.

"ಇಳಿದು ಹೋಗಿ ಖರೇ ಹೇಳ್ರಿ," ಎಂದಳು ಶಿವಕ್ಕ ಮೆಲ್ಲಗೆ. "ಇಲ್ಲಂದ್ರ ನಾ ಇಳೀತೀನಿ."

"ಹೇಳಿದರ ಹೋಗಿಬಿಡತಾಳ."

"ಹೋಗಲಿ. ಸಣ್ಣ ದೇಶ, ಇರೂದ ಒಂದ ದೋಣಿ. ಅಂಥವರಿಗೆ ಆಸೆ ತೋರಿಸಿ ಮೋಸ ಮಾಡಬ್ಯಾಡ್ರಿ."

ಅವನು ಸ್ಟಿಯರಿಂಗ್ ಹಿಡಿದೇ ಕುಳಿತ. ಇಳಿಯುವುದಿಲ್ಲವೆಂದುಕೊಂಡು ಅವಳು ತನ್ನ ಕಡೆಯ ಬಾಗಿಲಿಗೆ ಕೈ ಹಾಕಿದಳು. ಆಗ ಅವನು ಇಳಿದ.

ಶಿವಕ್ಕ ಕಿಟಕಿಯ ಗಾಜು ಇಳಿಸಿದಳು. ಸೆಲೀನಾ ನಗುತ್ತ ಕೈ ಚಾಚಿದಳು. ಮಹಾಂತಪ್ಪ ಆ ಕೈ ಹಿಡಿಯದೆ ಏನೋ ಹೇಳತೊಡಗಿದ. ಅಷ್ಟರಲ್ಲಿ ಪಕ್ಕದ ನಿಲ್ದಾಣದಿಂದ ವಿಮಾನವೊಂದು ತಲೆಯ ಮೇಲೆಯೇ ಎದ್ದು ಎಲ್ಲ ಶಬ್ದವನ್ನೂ ನುಂಗಿತು. ಸೆಲೀನಾಳ ನಗು ಹೋಯಿತು. ಅವಳು ಒಮ್ಮೆ ಗೇಟಿನ ಕಡೆ, ಒಮ್ಮೆ ಇವನ ಕಡೆ ನೋಡಿದಳು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು. ಚೀಲದಿಂದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡಳು. ಹೊರಟಳು ಎಂದುಕೊಂಡಳು ಶಿವಕ್ಕ. ಆದರೆ ಸೆಲೀನಾ ಏನೋ ಕೇಳಿದಳು. ಚಿಕ್ಕ ಪ್ರಶ್ನೆ.

ಮಹಾಂತಪ್ಪ ಸುತ್ತ ನೋಡಿದ. ಪಕ್ಕದಲ್ಲಿ ಯಾರದೋ ಟ್ರಕ್ಕು ತುಂಬ ದಿನದಿಂದ ತೊಳೆಯದೆ ನಿಂತಿತ್ತು. ಅದರ ಬಾನೆಟ್ಟಿನ ಧೂಳಿನಲ್ಲಿ ಬೆರಳಿನಿಂದ ಒಂದು ದೊಡ್ಡ ವೃತ್ತ ಬರೆದ, ಭೂಮಿ ಇರಬೇಕು, ಅದರ ಸುತ್ತ ಓರೆಯಾಗಿ ಉಪಗ್ರಹದ ದಾರಿಯಂಥ ಇನ್ನೊಂದು ಗೆರೆ, ಒಳಗೆ ಹಡಗುಗಳಂಥ ಚುಕ್ಕಿಗಳು. ಇನ್ನೊಂದು ವಿಮಾನ ಎದ್ದಿತು. ಅವನ ಬಾಯಿ ಆಡುತ್ತಲೇ ಇತ್ತು, ಇಸ್ತ್ರಿ ಹಾಕಿದ ತೋಳು ಧೂಳಾಗುತ್ತಿತ್ತು.

ಸೆಲೀನಾ ಅವನ ಪಕ್ಕದಲ್ಲಿ ಬಗ್ಗಿ ನಿಂತಿದ್ದಳು. ಅವಳ ಕಣ್ಣುಗಳು ಆ ಗೆರೆಗಳ ಮೇಲಿದ್ದವೋ, ಗೇಟಿನ ಕಡೆಗಿದ್ದವೋ, ಶಿವಕ್ಕ ಕತ್ತು ಚಾಚಿ ನೋಡಿದಳು. ಕಪ್ಪು ಗಾಜಿನಲ್ಲಿ ಬರೀ ಬಿಸಿಲು ಹೊಳೆಯುತ್ತಿತ್ತು.