ಮಂಗಳದ ನಂತರದ ಪುಟಗಳು

ಗುರುಸಿದ್ದವ್ವನಿಗೆ ನಾಟಕದ ಹುಚ್ಚು ಎಂದರೆ ಅಂತಿಂಥ ಹುಚ್ಚಲ್ಲ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಕಂಪನಿಯೊಂದು ಗದಗಿನಲ್ಲಿ ತಗಡಿನ ಥೇಟರು ಹಾಕಿ ‘ತಿರುಗಿ ಬಂದ ತುಂಗವ್ವ’ ಆಡತೊಡಗಿದ ಮೇಲಂತೂ ಬೆಟಗೇರಿಯ ಆ ಮನೆಯಲ್ಲಿ ರಾತ್ರಿಯ ರೊಟ್ಟಿ ಸಂಜೆಗೇ ತಯಾರು. ಸೀರೆ ವ್ಯಾಪಾರದ ಗಂಡ ಚನ್ನಬಸವಣ್ಣ, “ನಮ್ಮ ಮನೀನೂ ಕಂಪನಿ ಮಾಲಕಗ ಬರದು ಕೊಟ್ಟುಬಿಡು” ಎಂದು ಛೇಡಿಸುತ್ತಿದ್ದ. ಛೇಡಿಸಿ, ಟಿಕೀಟು ತಾನೇ ತರುತ್ತಿದ್ದ.

ಹೊಡೆಯುವ ಗಂಡನನ್ನು ಬಿಟ್ಟುಹೋದ ತುಂಗವ್ವ ಕೊನೆಗೆ ತಿರುಗಿ ಬರುತ್ತಾಳೆ. ಗಂಡ ಅವಳ ಕಾಲಿಗೆ ಬಿದ್ದು ಅಳುತ್ತ ಹಾಡುತ್ತಾನೆ. ಜನ “ಒನ್ಸ್ ಮೋರ್” ಎಂದು ಕೂಗಿದರೆ ಪಾಪ, ಎದ್ದು ಮತ್ತೊಮ್ಮೆ ಬೀಳುತ್ತಾನೆ! ಆಮೇಲೆ ಮಂಗಳ ಹಾಡಿ ಪರದೆ ಬಿಡುತ್ತಾರೆ. ಗುರುಸಿದ್ದವ್ವ ಪ್ರತಿ ಸಲವೂ ಅಷ್ಟೇ ಮನಸಾರೆ ಅಳುತ್ತಿದ್ದಳು.

ಮಗಳು ಶಂಕ್ರೆವ್ವ ಮಾತ್ರ ಅಳಲಿಲ್ಲ. ಅವಳು ಮುಂಡರಗಿಯ ಗಂಡನ ಮನೆಯಿಂದ ಮುಂಗೈ ಮೇಲೆ ಬಾಸುಂಡೆ ಹೊತ್ತು ಬಂದವಳು. ಅಳಿಯ ಹುಚ್ಚೀರಪ್ಪ ಸೋಮವಾರ ಕರೆದೊಯ್ಯಲು ಬರುವುದಾಗಿ ಹೇಳಿಕಳಿಸಿದ್ದ.

“ನಾ ಹೋಗೂದಿಲ್ಲವ್ವಾ.”

“ಹುಚ್ಚಿ! ಗಂಡಸು ಬೆಣ್ಣಿ ಇದ್ದಂಗ, ಇವತ್ತಿಲ್ಲ ನಾಳೆ ಕರಗತಾನ. ತುಂಗವ್ವನ ಗಂಡ ಕರಗಲಿಲ್ಲೇನು?”

“ಅದು ನಾಟಕ.”

“ನಾಟಕ ಅಂದ್ರ ಸುಳ್ಳೇನ? ಕಾದಂಬರಿ ಮ್ಯಾಲಿಂದ ಮಾಡ್ಯಾರ. ಪುಸ್ತಕದಾಗ ಐತಿ!”

ಪುಸ್ತಕದಲ್ಲಿದ್ದದ್ದು ಸುಳ್ಳಾದೀತೆ? ಚನ್ನಬಸವಣ್ಣ ವಾಚನಾಲಯದಿಂದ ಅದನ್ನೂ ತಂದುಕೊಟ್ಟ.

ರವಿವಾರ ಊಟವಾದ ಮೇಲೆ ಚಷ್ಮಾ ಏರಿಸಿ ಕೂತ ಗುರುಸಿದ್ದವ್ವ ಮೊದಲು ಮಾಡಿದ್ದು ಹಾಡು ಹುಡುಕುವ ಕೆಲಸ. “ಅಯ್ಯ ಶಿವನ, ಇದರಾಗ ಒಂದೂ ಹಾಡಿಲ್ಲಲ್ಲರಿ!”

“ಪುಸ್ತಕದಾಗ ಹಾರ್ಮೋನಿಯಂ ಹಿಡಕೊಂಡು ಪೇಟಿ ಮಾಸ್ತರ ಎಲ್ಲಿ ಕುಂಡ್ರಬೇಕು?” ಎಂದ ಗಂಡ.

ಗಟ್ಟಿಯಾಗಿ ಓದುತ್ತ ಹಾಡನ್ನು ಅವಳೇ ಸೇರಿಸಿಕೊಂಡಳು. ಶಂಕ್ರೆವ್ವ ಅಕ್ಕಿ ಹಸನು ಮಾಡುತ್ತ ಕೇಳಿದಳು. ತುಂಗವ್ವ ತಿರುಗಿ ಬಂದಾಗ ಪುಸ್ತಕದ ಗಂಡ ಕಾಲಿಗೆ ಬೀಳಲಿಲ್ಲ, ಸುಮ್ಮನೆ ಬಾಗಿಲು ಬಿಟ್ಟು ಸರಿದು ನಿಂತ. ಗುರುಸಿದ್ದವ್ವ ಬಿಟ್ಟಾಳೆಯೆ? ತಾನೇ ಅವನನ್ನು ಕಾಲಿಗೆ ಬೀಳಿಸಿ, ಹಾಡಿಸಿ, ಮಂಗಳವನ್ನೂ ಹಾಡಿಬಿಟ್ಟಳು. ನೋಡಿದರೆ ಇನ್ನೂ ಅರ್ಧ ಪುಸ್ತಕ ಉಳಿದಿತ್ತು.

“ಮುಗೀತೇನವ್ವಾ?”

“ಮಂಗಳ ಆತಲ್ಲ, ಮುಗೀತು.”

ಶಂಕ್ರೆವ್ವ ಹಸನಾದ ಅಕ್ಕಿಯನ್ನು ಬದಿಗೆ ಸರಿಸಿದಳು. “ಆತು ಬಿಡು, ಹೊಕ್ಕೀನಿ” ಎಂದು ಎದ್ದು ಟ್ರಂಕಿಗೆ ಸೀರೆ ಮಡಿಸಿಡತೊಡಗಿದಳು.

ಗೆದ್ದ ಗುರುಸಿದ್ದವ್ವ ಪುಸ್ತಕ ಹಿಡಿದು ಹಿತ್ತಲ ಕಟ್ಟೆಗೆ ಹೋದಳು. ಮಂಗಳವಾದ ಮೇಲೆ ಬರೆಯಲು ಏನಿರುತ್ತದೆ? ಇತ್ತು. ಪುಸ್ತಕದ ಗಂಡ ಮಳೆಗಾಲದವರೆಗೆ ಚೆನ್ನಾಗಿದ್ದ. ಆಮೇಲೆ ಮತ್ತೆ ಕೈ ಎತ್ತಿದ. ತುಂಗವ್ವ ತವರಿಗೆ ಓಡಿಬಂದಳು. ಅಲ್ಲಿ ಅವಳ ತಾಯಿ ಅಳುತ್ತಲೇ ಉಡಿ ತುಂಬಿ, “ಹೊಂದಿಕೊಂಡು ಹೋಗಬೇಕವ್ವ” ಎಂದು ಹೊಸ್ತಿಲಿಂದಲೇ ತಿರುಗಿಸಿ ಕಳಿಸಿದಳು. ಮುಂದಿನ ಪುಟದಲ್ಲಿ ಬಾವಿ.

ಗುರುಸಿದ್ದವ್ವ ಹಿಂದಿನ ಪುಟ ತಿರುವಿ ಇನ್ನೊಮ್ಮೆ ಓದಿದಳು. ನಾಟಕದಲ್ಲಿ ಈ ತಾಯಿಯೇ ಇರಲಿಲ್ಲ! ಕಂಪನಿಯವರು ಆ ಪಾತ್ರವನ್ನೇ ಕೈಬಿಟ್ಟಿದ್ದರು. ಬಿಟ್ಟ ಪಾತ್ರವನ್ನು ತಾನು ಮನೆಯಲ್ಲಿ ಆಡುತ್ತಿದ್ದೇನೆ ಎಂದು ಅವಳಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

ಮರುದಿನ ಹುಚ್ಚೀರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಉಡಿ ತುಂಬಲು ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಸಿದ್ಧವಿದ್ದವು. ಶಂಕ್ರೆವ್ವ ತಲೆ ತಗ್ಗಿಸಿ ಸೆರಗೊಡ್ಡಿ ನಿಂತಳು. ಸೆರಗು ಹಿಡಿದ ಮುಂಗೈ ಮೇಲೆ ಬಾಸುಂಡೆಯ ಗುರುತು ಇನ್ನೂ ಮಾಸಿರಲಿಲ್ಲ. ಅಕ್ಕಿಗೆ ಬೊಗಸೆ ಹಾಕಿದ್ದ ಗುರುಸಿದ್ದವ್ವ ಕೈ ಹಿಂದಕ್ಕೆ ತೆಗೆದಳು.

“ಅಳಿಯಾರ, ಚಾ ಕುಡದು ಹೊಂಡ್ರಿ. ಶಂಕ್ರೆವ್ವ ಬರೂದಿಲ್ಲ.”

“ಅತ್ತಿಯಾರ, ನಾಕು ಮಂದಿ ಏನಂದಾರು?”

“ಏನರ ಅನ್ಲಿ. ಅವರ ಮಗಳಲ್ಲ ಈಕಿ.”

ಹುಚ್ಚೀರಪ್ಪ ಮಾವನ ಮುಖ ನೋಡಿದ. ಚನ್ನಬಸವಣ್ಣ ಒಮ್ಮೆ ಹೆಂಡತಿಯತ್ತ, ಒಮ್ಮೆ ಮಗಳತ್ತ ನೋಡಿ, ಎದ್ದು ಹೋಗಿ ಟ್ರಂಕನ್ನು ಒಳಗಿಟ್ಟು ಬಂದ. ಅಳಿಯ ಚಹಾ ಕುಡಿಯದೆ ಹೊರಟುಹೋದ.

ಗುರುಸಿದ್ದವ್ವ ತಾಟಿನ ಅಕ್ಕಿಯನ್ನು ಡಬ್ಬಿಗೆ ಸುರುವಿದಳು. ಚಷ್ಮಾ ಏರಿಸಿ ಪುಸ್ತಕ ತೆಗೆದಳು.

“ಬಾ, ಕುಂಡ್ರು. ನಿನ್ನೆ ಮುಗೀತು ಅಂದೆ. ಮುಗದಿರಲಿಲ್ಲವ್ವ.”

ಶಂಕ್ರೆವ್ವ ಬಂದು ಅವ್ವನ ಮಗ್ಗುಲಿಗೆ ಕೂತಳು. ಗುರುಸಿದ್ದವ್ವ ಈ ಸಲ ಎಲ್ಲಿಯೂ ಹಾಡು ಸೇರಿಸದೆ, ಇದ್ದದ್ದನ್ನು ಇದ್ದ ಹಾಗೆ ಓದಿದಳು.